ಆನ್‌ಲೈನ್ ಸೀಕ್ವೆನ್ಸರ್‌ನಲ್ಲಿ (ಚೌಕಗಳಲ್ಲಿ ಸ್ವರ ಇಟ್ಟು ಸಂಗೀತ ಮಾಡೋ ವೆಬ್‌ಸೈಟ್) ಜನ ಮಾಡಿಟ್ಟಿರೋ ಬಾಖ್, ಬೀಥೋವನ್ ಕೃತಿಗಳಲ್ಲಿ ಒಳ್ಳೆಯದನ್ನು ಹುಡುಕೋದು ಹೇಗೆ? ಜಾಸ್ತಿ ಪ್ಲೇ ಆಗಿರೋದನ್ನು ನಂಬಬಹುದಾ?

ನಂಬಬೇಡಿ. ನಾನು ನಂಬಿ ಕೆಟ್ಟೆ.

ಕೀಬೋರ್ಡ್ ಕಲಿಯೋಕೆ ಶುರು ಮಾಡಿದ ಹೊಸದರಲ್ಲಿ ನನಗೆ ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯೋ ಪಾಶ್ಚಾತ್ಯ ಲಿಪಿ) ಓದೋಕೆ ಬರುತ್ತಿರಲಿಲ್ಲ. ಸೀಕ್ವೆನ್ಸರ್‌ನ ಚೌಕಗಳು ಮಾತ್ರ ನೋಡಿದ ಕೂಡಲೇ ಅರ್ಥವಾದವು. ಮೇಲಕ್ಕೆ ಹೋದರೆ ಸ್ವರ ಏರುತ್ತೆ, ಬಲಕ್ಕೆ ಹೋದರೆ ಕಾಲ ಸಾಗುತ್ತೆ, ಮುಗೀತು. ಬೀಥೋವನ್‌ನ ಮೂನ್‌ಲೈಟ್ ಸೊನಾಟಾ ಹುಡುಕಿದೆ. ರಾಶಿ ಬಂತು. ಎಲ್ಲಕ್ಕಿಂತ ಜಾಸ್ತಿ ಪ್ಲೇ ಆಗಿದ್ದನ್ನು ಆರಿಸಿಕೊಂಡು, ಅದನ್ನೇ ನೋಡಿ ನೋಡಿ ಬೆರಳಿಗೆ ಕೂರಿಸಿಕೊಂಡೆ. ಆಮೇಲೆ ಒಬ್ಬರು ಮೇಷ್ಟ್ರ ಮುಂದೆ ನುಡಿಸಿದೆ. ಅವರು ಎರಡು ಬಾರ್, ಅಂದ್ರೆ ತಾಳದ ಎರಡು ಆವರ್ತ, ಕೇಳಿ, "ಸ್ವರ ಎಲ್ಲಾ ಸರಿ ಇದೆ, ಆದ್ರೆ ಇದ್ಯಾಕೆ ಕುಂಟ್ತಿದೆ?" ಅಂದರು.

ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನೀವು ಹುಡುಕಹೊರಟಿರೋ ಅರ್ಧಕ್ಕರ್ಧ ಸೀಕ್ವೆನ್ಸ್‌ಗಳಲ್ಲಿ ಇದೇ ಕಾಯಿಲೆ ಇರಬಹುದು. ಆ ಸೊನಾಟಾದ ಮೊದಲ ಭಾಗದಲ್ಲಿ ಬಾರ್‌ಗೆ ನಾಲ್ಕು ಗುಂಪು, ಗುಂಪಿಗೆ ಮೂರು ಸ್ವರ. ಶುರುವಿನಲ್ಲಿ ಜಿ ಶಾರ್ಪ್, ಸಿ ಶಾರ್ಪ್, ಇ. ಮೂರೂ ಸರಿಸಮ. ತಿಶ್ರ ನಡೆ ಅಂತೀವಲ್ಲ, ಅದು. ಸೀಕ್ವೆನ್ಸರ್‌ನ ಮಾಮೂಲಿ ಗ್ರಿಡ್‌ನಲ್ಲಿ ಒಂದು ಬೀಟ್‌ಗೆ ಇರೋದು ನಾಲ್ಕು ಚೌಕ. ಮೂರನ್ನು ನಾಲ್ಕರಲ್ಲಿ ಸಮವಾಗಿ ಹಂಚೋಕೆ ಆಗಲ್ಲ.

ಬಹಳ ಜನ ಕೈಯಿಂದ ಸ್ವರ ಇಡೋದಿಲ್ಲ. ಎಲ್ಲಿಂದಲೋ ಮಿಡಿ ಫೈಲ್ (ಯಾವ ಸ್ವರ ಯಾವಾಗ ಅಂತ ಬರೆದಿಟ್ಟಿರೋ ಫೈಲ್) ತಂದು ಇಂಪೋರ್ಟ್ ಮಾಡಿ, ಚೌಕಕ್ಕೆ ಸರಿಯಾಗಿ ಕೂರಲಿ ಅಂತ ಕ್ವಾಂಟೈಜ್ ಮಾಡಿಬಿಡ್ತಾರೆ. ಮಿಡಿಯಲ್ಲಿ ಒಂದು ಬೀಟ್‌ಗೆ 480 ಟಿಕ್, ಅಂದ್ರೆ ಕಾಲದ ಚೂರು, ಇದೆ ಅಂದುಕೊಳ್ಳಿ. ಆಗ ಮೂರು ಸ್ವರ ಬರಬೇಕಾದ್ದು 0, 160, 320ರಲ್ಲಿ. ಚೌಕಗಳಿರೋದು 0, 120, 240, 360ರಲ್ಲಿ. 160 ಹತ್ತಿರದ 120ಕ್ಕೆ ಹೋಗಿ ಅಂಟಿಕೊಳ್ಳುತ್ತೆ, 320 ಹೋಗಿ 360ಕ್ಕೆ. ಸರಿಸಮ ಇದ್ದ ಮೂರು ಸ್ವರ ಗಿಡ್ಡ, ಉದ್ದ, ಗಿಡ್ಡ ಆಯ್ತು. ನಾನು ಕಲಿತಿದ್ದು ಇದನ್ನೇ. ಸ್ಪೀಕರ್‌ನಲ್ಲಿ ಕೇಳುವಾಗ ರಿವರ್ಬ್, ಅಂದ್ರೆ ಪ್ರತಿಧ್ವನಿ, ಎಲ್ಲವನ್ನೂ ಮುಚ್ಚಿಹಾಕಿತ್ತು, ಕಿವಿಗೂ ಅದೇ ಅಭ್ಯಾಸ ಆಗಿತ್ತು. ಹೊಸದಾಗಿ ಕಲಿಯೋದಕ್ಕಿಂತ ತಪ್ಪು ಕಲಿತಿದ್ದನ್ನು ಬಿಡಿಸೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು. ಈಗಲೂ ಸ್ವಲ್ಪ ಮೈಮರೆತರೆ ಎರಡನೇ ಬೆರಳು ಬೇಗ ಬೀಳುತ್ತೆ.

ಹಾಗಾಗಿ ಪ್ಲೇ ಒತ್ತುವ ಮೊದಲು ಜೂಮ್ ಮಾಡಿ ಮೊದಲ ಗುಂಪನ್ನು ನೋಡಿ. ಸ್ವರಗಳು ಒಂದು, ಎರಡು, ನಾಲ್ಕನೇ ಚೌಕದಲ್ಲಿ ಕೂತಿದ್ರೆ ಟ್ಯಾಬ್ ಮುಚ್ಚಿ. ಎಷ್ಟು ಸಾವಿರ ಜನ ಕೇಳಿದ್ದರೂ ಅಷ್ಟೇ. ಪ್ಲೇ ಸಂಖ್ಯೆ ಕೃತಿ ಎಷ್ಟು ಫೇಮಸ್ ಅಂತ ಹೇಳುತ್ತೆ, ಮಾಡಿದವರು ಎಷ್ಟು ಸರಿಯಾಗಿ ಮಾಡಿದ್ದಾರೆ ಅಂತಲ್ಲ.

ಹುಡುಕೋದೇ ಆದರೆ ಇಂಗ್ಲಿಷ್ ಅಕ್ಷರದಲ್ಲೇ ಹುಡುಕಿ, ಮತ್ತೆ ತಪ್ಪು ಹೆಸರಲ್ಲೂ ಹುಡುಕಿ. ಶೀರ್ಷಿಕೆ ಬರೆಯೋರು ನಮ್ಮಂಥೋರೇ ಅಲ್ವಾ. ಬಾಖ್‌ನ ಮಿನುಯೆಟ್ ಅಂತ ಎಲ್ಲರೂ ಹಾಕೋ ಜಿ ಮೇಜರ್ ಕೃತಿ ಕ್ರಿಸ್ಟಿಯನ್ ಪೆಟ್ಸೋಲ್ಡ್ ಎಂಬವನದ್ದು. ಪೆಟ್ಸೋಲ್ಡ್ ಅಂತ ಹುಡುಕಿದರೆ ಬಹಳ ಸಿಗಲ್ಲ, ಬಾಖ್ ಅಂತಲೇ ಹುಡುಕಬೇಕು. ಟರ್ಕಿಶ್ ಮಾರ್ಚ್ ಅಂದರೆ ಮೊಜಾರ್ಟ್‌ನದ್ದೂ ಬರುತ್ತೆ, ಬೀಥೋವನ್‌ನದ್ದೂ ಬರುತ್ತೆ. ಮೊಜಾರ್ಟ್‌ನದ್ದು ಬೇಕಿದ್ದರೆ ರೋಂಡೋ ಅಲ್ಲಾ ಟುರ್ಕಾ ಅಂತ ಹಾಕಿ ನೋಡಿ. ಫ್ಯೂರ್ ಎಲೀಸೆಯ 'ಯು' ಮೇಲಿನ ಎರಡು ಚುಕ್ಕಿ ಬಿಟ್ಟೂ ಒಮ್ಮೆ ಹುಡುಕಿ. ಕ್ಯಾಟಲಾಗ್ ಸಂಖ್ಯೆ ಹಾಕಿರೋರು ಕಡಿಮೆ, ಆದ್ರೆ ಹಾಕಿರೋರ ಕೆಲಸ ಸಾಮಾನ್ಯವಾಗಿ ಚೆನ್ನಾಗಿರುತ್ತೆ. ಮೂನ್‌ಲೈಟ್‌ಗೆ ಓಪಸ್ 27 ನಂಬರ್ 2 ಅಂತ ಬರೆಯೋ ತಾಳ್ಮೆ ಇದ್ದವರಿಗೆ ಮೂರು ಸ್ವರ ಸರಿಯಾಗಿ ಇಡೋ ತಾಳ್ಮೆಯೂ ಇರುತ್ತೆ.

ಇಷ್ಟೆಲ್ಲ ಹೇಳಿದರೂ, ನನ್ನನ್ನು ಕೇಳಿದರೆ ರೆಡಿ ಇರೋದನ್ನು ಹುಡುಕೋ ಕೆಲಸವನ್ನೇ ಬಿಡಿ. ಐಎಂಎಸ್‌ಎಲ್‌ಪಿ ಅನ್ನೋ ವೆಬ್‌ಸೈಟ್‌ನಲ್ಲಿ ಈ ಹಳೇ ಕೃತಿಗಳ ಸ್ಕೋರ್, ಅಂದ್ರೆ ನೊಟೇಶನ್ ಪ್ರತಿ, ಪುಕ್ಕಟೆ ಸಿಗುತ್ತೆ. ಮ್ಯುಟೋಪಿಯಾ ಅನ್ನೋ ಇನ್ನೊಂದು ವೆಬ್‌ಸೈಟ್‌ನಲ್ಲಿ ಸ್ಕೋರ್ ಜೊತೆ ಮಿಡಿಯೂ ಸಿಗುತ್ತೆ. ಸ್ಕೋರ್ ಪಕ್ಕದಲ್ಲಿಟ್ಟುಕೊಂಡು ನೀವೇ ಇಡಿ. ನೊಟೇಶನ್ ಬರಲ್ಲ ಅಂತೀರಾ? ನನಗೆ ಅದು ಬಂದಿದ್ದೇ ಹೀಗೆ.

ಮೂನ್‌ಲೈಟ್ ಮೊದಲಿಗೆ ಬೇಡ. ಬಾಖ್‌ನ ಸಿ ಮೇಜರ್ ಪ್ರೆಲ್ಯೂಡ್ ತಗೊಳ್ಳಿ, ಬಾಖ್ ಕ್ಯಾಟಲಾಗ್‌ನಲ್ಲಿ ಬಿಡಬ್ಲ್ಯುವಿ 846, 1722ರ 'ವೆಲ್-ಟೆಂಪರ್ಡ್ ಕ್ಲೇವಿಯರ್' ಸಂಗ್ರಹದ ಮೊದಲ ಕೃತಿ. ಬಾರ್‌ಗೆ 16 ಸ್ವರ, ಗ್ರಿಡ್‌ನಲ್ಲೂ ಬಾರ್‌ಗೆ 16 ಚೌಕ. ಎಂಟು ಸ್ವರ ಇಟ್ಟು ಕಾಪಿ ಮಾಡಿ ಪೇಸ್ಟ್ ಮಾಡಿದರೆ ಒಂದು ಬಾರ್ ಮುಗೀತು. ಮೊದಲ ಬಾರ್ ಸಿ, ಇ, ಜಿ, ಸಿ, ಇ, ಆಮೇಲೆ ಕೊನೆಯ ಮೂರು ಮತ್ತೊಮ್ಮೆ. ಕೊನೆಯ ಮೂರು ಬಾರ್‌ಗಳಲ್ಲಿ ಮಾತ್ರ ಈ ಕ್ರಮ ಮುರಿಯುತ್ತೆ. ಒಂದು ವಿಷಯ, ಎಲ್ಲ ಸ್ವರವನ್ನೂ ಒಂದೊಂದು ಚೌಕಕ್ಕೆ ಕತ್ತರಿಸಬೇಡಿ. ಪ್ರತಿ ಎಂಟರಲ್ಲಿ ಮೊದಲ ಸ್ವರ ಎಂಟು ಚೌಕ ಉದ್ದ, ಎರಡನೇದು ಏಳು. ಎಡಗೈ ಆ ಎರಡನ್ನು ಒತ್ತಿಹಿಡಿದಿರುತ್ತೆ. ಇದನ್ನು ಎಳೆಯದೆ ಬಿಟ್ಟ ಸೀಕ್ವೆನ್ಸ್‌ಗಳು ಟೈಪ್‌ರೈಟರ್ ಥರ ಕೇಳಿಸುತ್ತವೆ.

ಇಟ್ಟು ಮುಗಿದ ಮೇಲೆ ಬಾರ್ ಎಣಿಸಿ. 35 ಇರಬೇಕು. 36 ಬಂದರೆ ಗಾಬರಿ ಬೇಡ, ನಿಮ್ಮ ಕೈಲಿರೋದು 22ನೇ ಬಾರ್ ಆದಮೇಲೆ ಒಂದು ಬಾರ್ ಸೇರಿಸಿರೋ ಹಳೇ ಮುದ್ರಣ. ಅದನ್ನು ಶ್ವೆಂಕೆ ಬಾರ್ ಅಂತಾರೆ, ಗುನೋ ಅನ್ನೋ ಸಂಯೋಜಕ ಈ ಪ್ರೆಲ್ಯೂಡ್ ಮೇಲೆ ತನ್ನ ಆವೆ ಮರಿಯಾ ಕಟ್ಟಿದ್ದೂ ಅದನ್ನು ಇಟ್ಟುಕೊಂಡೇ. ಬಾಖ್ ಬರೆದದ್ದು ಬೇಕಿದ್ದರೆ ಆ ಬಾರ್ ಅಳಿಸಿ, ಮುಂದಿನದನ್ನು ಎಡಕ್ಕೆ ಸರಿಸಿ.