ಮೊದಲು ಮಗು ಊಹಿಸಲಿ, ಆಮೇಲೆ ನೀರಿಗೆ ಹಾಕಲಿ

ಚಿಕ್ಕ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಬಗ್ಗೆ ಬರುವ ಪ್ರಶ್ನೆಗಳು ಸುತ್ತಿ ಸುತ್ತಿ ಅವೇ. ಮೊದಲನೆಯದಂತೂ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ಆರು ವರ್ಷದ ಮಗಳಿಗೆ ತೇಲು-ಮುಳುಗು ಪ್ರಯೋಗ ಮಾಡಿ ತೋರಿಸಿದೆ. ಸಾಂದ್ರತೆಯನ್ನೂ (ಗಾತ್ರಕ್ಕೆ ಹೋಲಿಸಿದರೆ ತೂಕ ಎಷ್ಟು ಎಂಬುದನ್ನು) ವಿವರಿಸಿದೆ. ಮರುದಿನ ಕೇಳಿದರೆ ‘ಭಾರ ಇದ್ದದ್ದು ಮುಳುಗುತ್ತೆ’ ಅಂದಳು. ಎಲ್ಲಿ ತಪ್ಪಿತು?

ಮಾಡಿದ್ದೂ ನೀವು, ಹೇಳಿದ್ದೂ ನೀವು. ಅವಳು ನೋಡಿದಳು, ಅಷ್ಟೇ. ಈ ವಯಸ್ಸಿನಲ್ಲಿ ಸಾಂದ್ರತೆಯ ಮಾತನ್ನೇ ಎತ್ತಬೇಡಿ. ತೂಕ, ಗಾತ್ರ ಎರಡನ್ನೂ ಒಟ್ಟಿಗೆ ಹಿಡಿದು ಹೋಲಿಸುವುದು ಆರು ವರ್ಷಕ್ಕೆ ತೀರಾ ಕಷ್ಟ. ‘ಭಾರ ಇದ್ದದ್ದು ಮುಳುಗುತ್ತೆ’ ಎಂಬುದು ಅವಳೇ ಕಟ್ಟಿಕೊಂಡ ನಿಯಮ. ಮಾತಿನಿಂದ ಅದು ಬೀಳುವುದಿಲ್ಲ, ವಸ್ತುಗಳಿಂದ ಬೀಳುತ್ತದೆ.

ಟಬ್ಬಿನಲ್ಲಿ 15 ಸೆಂ.ಮೀ. ನೀರು ತುಂಬಿ. ವಸ್ತುಗಳು ಆರು ಸಾಕು: ಅರ್ಧ ಕಿಲೋದಷ್ಟು ತೂಗುವ ಮರದ ತುಂಡು, ಸಣ್ಣ ಕಲ್ಲು, ಗೋಲಿ, ಇಡೀ ಮೇಣದಬತ್ತಿ, ಮೇಣದಬತ್ತಿಯ ಚೂರು, ಕಬ್ಬಿಣದ ನಟ್ಟು. ಮರವನ್ನು ಹಿಂದಿನ ದಿನವೇ ನೀರಿಗೆ ಹಾಕಿ ನೋಡಿಕೊಳ್ಳಿ, ಕರಿಮರದಂಥ ಗಟ್ಟಿ ಮರ ಮುಳುಗಿಬಿಡುತ್ತದೆ. ಪ್ರತಿಯೊಂದನ್ನೂ ಅವಳು ಕೈಯಲ್ಲಿ ತೂಗಿ ನೋಡಿ ‘ತೇಲುತ್ತೆ’, ‘ಮುಳುಗುತ್ತೆ’ ಎಂಬ ಎರಡು ತಟ್ಟೆಗಳಲ್ಲಿ ಇಡಲಿ. ಆರನ್ನೂ ಇಟ್ಟಾಗುವ ತನಕ ಒಂದನ್ನೂ ನೀರಿಗೆ ಹಾಕುವಂತಿಲ್ಲ. ಊಹಿಸದೆ ನೋಡಿದ್ದು ಬರೀ ಆಟ. ಊಹೆ ಸುಳ್ಳಾದಾಗಲೇ ಮಗು ತಲೆ ಓಡಿಸುವುದು.

ಈ ಆರರಲ್ಲಿ ಪ್ರತಿಯೊಂದನ್ನೂ ನೀರಿನೊಳಗೆ ಮುಳುಗಿಸಿ ಹಿಡಿದು ಕೈಬಿಡಬೇಕು. ಮೇಲಿಂದ ಮೆಲ್ಲಗೆ ಇಟ್ಟರೆ ಡಬ್ಬಿಯ ತಗಡಿನ ಮುಚ್ಚಳವೂ ತೇಲುತ್ತದೆ, ಅದೇ ಮುಚ್ಚಳ ನೀರು ತುಂಬಿದರೆ ಮುಳುಗುತ್ತದೆ. ಹೆಚ್ಚಿನವರ ಪ್ರಯೋಗ ಗೊಂದಲವಾಗುವುದು ಇಲ್ಲೇ. ಸ್ಪಂಜು, ಸೂಜಿ ಮೊದಲ ದಿನ ಬೇಡ. ಸ್ಪಂಜು ನೀರು ಕುಡಿಯುತ್ತಾ ಇಳಿಯುತ್ತದೆ, ಸೂಜಿಯನ್ನು ಮೇಲ್ಮೈ ಎಳೆತ (ನೀರಿನ ಮೇಲ್ಪದರದ ಬಿಗಿತ) ಹಿಡಿದು ನಿಲ್ಲಿಸುತ್ತದೆ.

ಎರಡನೇ ದಿನ ಕ್ಲೇ. ನೀರಿನಲ್ಲಿ ಕರಗದ, ಎಣ್ಣೆ ಬೆರೆತ ಮಾಡೆಲಿಂಗ್ ಕ್ಲೇಯೇ ಆಗಬೇಕು, ಹಿಟ್ಟಿನದು ನೀರಿಗೆ ಬಿದ್ದರೆ ರಾಡಿ. ತಲಾ 50 ಗ್ರಾಂನ ಎರಡು ಉಂಡೆ ಮಾಡಿ, ತಕ್ಕಡಿಯಲ್ಲಿ ಸಮ ಇರುವುದನ್ನು ಅವಳೇ ನೋಡಲಿ. ಎರಡೂ ಮುಳುಗುತ್ತವೆ. ಒಂದನ್ನು ತೆಗೆದು ಒರೆಸಿ, 3 ಮಿ.ಮೀ. ದಪ್ಪಕ್ಕೆ ತಟ್ಟಿ, ಅಂಚೆತ್ತಿ ಬಟ್ಟಲಿನ ಆಕಾರ ಕೊಡಲಿ. ಮತ್ತೆ ತೂಗಲಿ, ಈ ಮರುತೂಕವನ್ನು ಬಿಡಲೇಬೇಡಿ. ಬಟ್ಟಲನ್ನು ಮಾತ್ರ ಮುಳುಗಿಸದೆ ನೀರಿನ ಮೇಲೆ ಮೆಲ್ಲಗೆ ಇಡಲಿ. ಅದು ತೇಲಿದಾಗ ‘ಯಾಕೆ?’ ಅನ್ನಬೇಡಿ, ಆಗ ಅವಳು ನಿಮ್ಮ ಮನಸ್ಸಿನಲ್ಲಿರುವ ಉತ್ತರ ಹುಡುಕಲು ಹೊರಡುತ್ತಾಳೆ. ‘ಏನು ಬದಲಾಯ್ತು, ಏನು ಬದಲಾಗಲಿಲ್ಲ?’ ಎಂದು ಕೇಳಿ, ಸುಮ್ಮನೆ ಕಾಯಿರಿ.

ಉಂಡೆ ತಳ್ಳುವ ನೀರು ಸುಮಾರು 30 ಮಿ.ಲೀ., ಅದರ ತೂಕಕ್ಕಿಂತ ಕಡಿಮೆ, ಹಾಗಾಗಿ ಮುಳುಗುತ್ತದೆ. ತೇಲುವ ಬಟ್ಟಲು ತಳ್ಳುವುದು ತನ್ನ ತೂಕದಷ್ಟೇ, ಅಂದರೆ 50 ಮಿ.ಲೀ. (1 ಮಿ.ಲೀ. ನೀರಿನ ತೂಕ 1 ಗ್ರಾಂ). ಇದನ್ನು ಟಬ್ಬಿನಲ್ಲಿ ತೋರಿಸಲು ಹೋದರೆ ಏನೂ ಕಾಣದು. 10 ಸೆಂ.ಮೀ. ಅಗಲದ, ನೇರ ಗೋಡೆಯ ದುಂಡನೆಯ ಪಾರದರ್ಶಕ ಪಾತ್ರೆಯಲ್ಲಿ ಉಂಡೆಗೆ ನೀರು ಹತ್ತಿರ ಹತ್ತಿರ 4 ಮಿ.ಮೀ. ಏರಿದರೆ, ಬಟ್ಟಲಿಗೆ 6 ಮಿ.ಮೀ. ದಾಟುತ್ತದೆ. ಟೇಪು ಅಂಟಿಸಿ ಗುರುತು ಹಾಕಿ. ಆಮೇಲೆ ಗೋಲಿ ಹೇರಲಿ. ಅಂಚಿನ ತನಕ ಇಳಿದಾಗ 100 ಮಿ.ಲೀ. ತಳ್ಳುವ ಬಟ್ಟಲು ಇನ್ನೂ 50 ಗ್ರಾಂ ಹೊರಬೇಕು, ಅಂದರೆ 5 ಗ್ರಾಂನ ಹತ್ತು ಗೋಲಿ. ಆದರೆ ಗೋಲಿಗಳು ಒಂದೇ ಕಡೆ ಉರುಳಿ ಬಟ್ಟಲು ವಾಲುವುದರಿಂದ ಮೊದಲೇ ಮುಳುಗುತ್ತದೆ. ಮುಳುಗಲಿ. ಸರಿಪಡಿಸಲು ನೀವು ಕೈ ಹಾಕಬೇಡಿ, ತಳ ಅಗಲ ಮಾಡುವ ಉಪಾಯ ಅವಳಿಗೇ ಹೊಳೆಯಲಿ.

ಪ್ರಶ್ನೆ: ತಟ್ಟೆಯ ನೀರಿನಲ್ಲಿ ನಿಲ್ಲಿಸಿದ, ಉರಿಯುವ ಮೇಣದಬತ್ತಿಯ ಮೇಲೆ ಲೋಟ ಬೋರಲು ಹಾಕಿದರೆ ನೀರು ಏರುವುದು ಆಮ್ಲಜನಕ ಮುಗಿದುದರಿಂದ ತಾನೆ?

ಅಲ್ಲ. ದಯವಿಟ್ಟು ಇದನ್ನು ಹೇಳಿಕೊಡುವುದನ್ನು ನಿಲ್ಲಿಸಿ. ಲೋಟದ ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರುತ್ತದೆ, ಉರಿದಾಗ ಇಂಗಾಲದ ಡೈಆಕ್ಸೈಡ್ ಕೂಡ ಹುಟ್ಟುತ್ತದೆ. ಮುಖ್ಯ ಕಾರಣ, ಬಿಸಿಗೆ ಹಿಗ್ಗಿದ ಗಾಳಿ ತಣಿದು ಕುಗ್ಗುವುದು. ನೀರು ಬಹುಪಾಲು ಏರುವುದು ಬತ್ತಿ ಆರಿದ ಮೇಲೆ, ಗಮನಿಸಿ. ಬತ್ತಿಯೇ ಇಲ್ಲದೆ, ಬಿಸಿನೀರಲ್ಲಿ ತೊಳೆದ ಲೋಟವನ್ನು ತಟ್ಟೆಯ ತಣ್ಣೀರಲ್ಲಿ ಬೋರಲು ಹಾಕಿದರೂ ನೀರು ಏರುತ್ತದೆ.

ಪ್ರಶ್ನೆ: ಅಡುಗೆ ಸೋಡಾ-ವಿನೆಗರ್ ಜ್ವಾಲಾಮುಖಿ ಮಾಡಿಸಬಹುದೇ?

ನೊರೆ ನೋಡಲು ಮಾಡಿಸಿ, ಜ್ವಾಲಾಮುಖಿ ಎನ್ನಬೇಡಿ. ಲಾವಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಮಿದುಳಿನ ನಡುಭಾಗವನ್ನು ಚುರುಕಾಗಿಸಿ ಕಣ್ಣು ಕಟ್ಟಿಕೊಂಡೇ ಓದುವಂತೆ ಮಾಡುತ್ತೇವೆ ಎನ್ನುವ ಮಿಡ್‌ಬ್ರೇನ್ ಆಕ್ಟಿವೇಶನ್ ತರಬೇತಿ ಕೊಡಿಸಿದರೆ ವಿಜ್ಞಾನ ಬೇಗ ಹತ್ತುತ್ತದೆಯೇ?

ಅದು ಶುದ್ಧ ಮೋಸ. ಕಣ್ಣಿಗೆ ಬಟ್ಟೆ ಕಟ್ಟಿದ ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಮಗುವಿಗೆ ಕದ್ದು ನೋಡಿ ಸುಳ್ಳು ಹೇಳುವುದನ್ನು ದುಡ್ಡು ಕೊಟ್ಟು ಕಲಿಸಬೇಡಿ.

ಪ್ರಶ್ನೆ: ನನ್ನ ಮಗ ನೋಡಿ ಕಲಿಯುವವನು. ಕೇಳಿಸಿ ಕಲಿಸುವುದು ಬೇಡವೇ?

ಇಂಥ ವಿಂಗಡಣೆಗೆ ಗಟ್ಟಿ ಪುರಾವೆ ಇಲ್ಲ. ನೋಡಲಿ, ಕೇಳಲಿ, ಮುಟ್ಟಲಿ.

ಪ್ರಶ್ನೆ: ನಾಲ್ಕು ವರ್ಷದವನಿಗೆ ಆಯಸ್ಕಾಂತದ ಗುಂಡುಗಳ ಸೆಟ್ ಕೊಡಿಸಲೇ?

ಬೇಡವೇ ಬೇಡ. ಎರಡು ಗುಂಡು ನುಂಗಿದರೆ ಅವು ಕರುಳಿನ ಗೋಡೆಗಳ ಆಚೀಚೆಯಿಂದ ಒಂದನ್ನೊಂದು ಸೆಳೆದು ತೂತು ಮಾಡಬಲ್ಲವು. ಬಾಯಲ್ಲಿ ಹಿಡಿಸದಷ್ಟು ದೊಡ್ಡ, ದುರ್ಬಲ ಆಯಸ್ಕಾಂತ ಒಂದು ಸಾಕು. ಬಟನ್ ಬ್ಯಾಟರಿ ಹಾಕುವ ಆಟಿಕೆಯಾದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡಬಲ್ಲದು. ಎರಡರಲ್ಲಿ ಯಾವುದನ್ನು ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ನಾಳೆ ನೋಡೋಣ ಎನ್ನಬೇಡಿ, ಆಗಲೇ ಆಸ್ಪತ್ರೆಗೆ ಒಯ್ಯಿರಿ.