"ಕೇಳಿಸ್ತು ಸರ್" ಅಂದ ಹುಡುಗಿ

ಎಂಬಿಬಿಎಸ್ ಓದುವ ಮಕ್ಕಳು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಾಗ ಹೆಚ್ಚಾಗಿ ಹೇಳುವ ಮಾತು, "ತಪ್ಪು ನಂದೇ." ನೀಟ್‌ನಲ್ಲಿ ಲಕ್ಷಾಂತರ ಜನರನ್ನು ಹಿಂದೆ ಹಾಕಿ ಬಂದವರು ಇವರು! ಈ ಹುಡುಗಿಯೂ ಅದನ್ನೇ ಹೇಳಿದಳು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೂರನೇ ವರ್ಷ, ಮೆಡಿಸಿನ್ ಪೋಸ್ಟಿಂಗ್ (ವಾರ್ಡಿನಲ್ಲಿ ರೋಗಿಗಳನ್ನು ನೋಡಿ ಕಲಿಯುವ ಸರದಿ), ರಾತ್ರಿ ನಿದ್ದೆಯಿಲ್ಲ, ಕೋರ್ಸ್ ಬಿಡ್ತೀನಿ ಅಂತ ಹಟ. ಅಪ್ಪ ಕರೆದುಕೊಂಡು ಬಂದಿದ್ದರು.

ಮಾತು ಹೊರಡಲಿಲ್ಲ. ಡ್ರೀಮ್ ಎಂಬ ಪ್ರಶ್ನಾವಳಿ ಕೊಟ್ಟೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೂಪಿಸಿ 1997ರಲ್ಲಿ ಪ್ರಕಟಿಸಿದ್ದು. 50 ಹೇಳಿಕೆ, ಒಟ್ಟು 200 ಅಂಕ. ಕಾಲೇಜಿನ ಕಲಿಕೆಯ ವಾತಾವರಣ ವಿದ್ಯಾರ್ಥಿಗಳ ಕಣ್ಣಿಗೆ ಹೇಗಿದೆ ಅಂತ ನೋಡಲು ಮಾಡಿದ್ದು. ನಾನು ಅಂಕ ಕೂಡಿಸಲು ಹೋಗುವುದಿಲ್ಲ, ಸುಮ್ನೆ ಮಾತು ತೆಗೆಸಲು ಬಳಸುತ್ತೇನೆ.

ಅಧ್ಯಾಪಕರು ವಿದ್ಯಾರ್ಥಿಗಳನ್ನು ಗೇಲಿ ಮಾಡುತ್ತಾರಾ ಎಂಬಲ್ಲಿ 'ಖಚಿತವಿಲ್ಲ' ಅಂತ ಗುರುತು ಹಾಕಿದ್ದಳು. ಯಾಕೆ ಅಂದೆ.

"ಅದು ಗೇಲಿ ಅಲ್ಲ ಮೇಡಂ. ಕಲಿಸೋದು ಅಂದ್ರೆ ಹಾಗೇ ಅಲ್ವಾ?"

"ಸರಿ, ಹಾಗೆ ಕಲಿತದ್ದು ಒಂದು ಹೇಳು."

ಆಗ ಹೇಳಿದಳು. ಮೈಟ್ರಲ್ ಸ್ಟೆನೋಸಿಸ್, ಅಂದರೆ ಹೃದಯದ ಒಂದು ಕವಾಟ ಕಿರಿದಾಗಿದ್ದ ರೋಗಿ. ಒಬ್ಬೊಬ್ಬರಾಗಿ ಸ್ಟೆತಸ್ಕೋಪ್ ಇಟ್ಟು ಮರ್ಮರ್ (ಆ ಕವಾಟದಿಂದ ಬರುವ ಅಸಹಜ ಶಬ್ದ) ಕೇಳಬೇಕು. ಮೊದಲನೆಯವನು "ಕೇಳಿಸ್ಲಿಲ್ಲ ಸರ್" ಅಂದ. "ಕಿವಿ ಹಾಸ್ಟೆಲಲ್ಲಿ ಬಿಟ್ಟು ಬಂದ್ಯಾ?" ಅಂದರು ಅಧ್ಯಾಪಕರು. ಎಲ್ಲರೂ ನಕ್ಕರು, ರೋಗಿಯ ಹೆಂಡತಿಯೂ. ಆಮೇಲಿನವರೆಲ್ಲ "ಕೇಳಿಸ್ತು ಸರ್" ಅಂದರು. ಇವಳೂ ಅಂದಳು. ರಾತ್ರಿ ಮೆಸ್‌ನಲ್ಲಿ ಕೂತಾಗ ಗೊತ್ತಾಯಿತು, ಒಬ್ಬರಿಗೂ ಕೇಳಿಸಿರಲಿಲ್ಲ.

"ನಿದ್ದೆ ಹೋಗಿದ್ದು ಬೈದಿದ್ದಕ್ಕಲ್ಲ ಮೇಡಂ. ನಾಳೆ ಕ್ಯಾಶುವಾಲ್ಟೀಲಿ ನಾನೊಬ್ಬಳೇ ಇದ್ದಾಗ ಏನ್ ಮಾಡ್ಲಿ?"

ಆ ಶಬ್ದ ಮಂದ್ರದ ಗುಡುಗುಡು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಸ್ಟೆತಸ್ಕೋಪಿನ ಬೆಲ್ (ಬಟ್ಟಲಿನಂಥ ಬದಿ) ಹಗುರವಾಗಿ ಇಟ್ಟು ಕೇಳಬೇಕು. ವಾರ್ಡಿನ ಗದ್ದಲದಲ್ಲಿ ಹೊಸಬರಿಗೆ ಸಿಗದಿದ್ದರೆ ಅದರಲ್ಲಿ ದಡ್ಡತನ ಏನಿದೆ?

ನಾನು ಹೇಳಿದ್ದು ಇಷ್ಟು. ಈ ಪೋಸ್ಟಿಂಗ್ ಮುಗಿಯುವವರೆಗೆ ಕೋರ್ಸ್ ಬಿಡುವ ತೀರ್ಮಾನ ಬೇಡ. ಸಂಜೆ ವಾರ್ಡಿನಲ್ಲಿರುವ ಪಿಜಿ (ಸ್ನಾತಕೋತ್ತರ ಓದುತ್ತಿರುವ ವೈದ್ಯರು) ಹತ್ತಿರ ಹೋಗಿ "ನಂಗೆ ಕೇಳಿಸ್ಲಿಲ್ಲ, ತೋರಿಸ್ತೀರಾ" ಅಂತ ಕೇಳು. ಒಬ್ಬಳೇ ಹೋಗಬೇಡ. ರಾತ್ರಿ ನೋಟ್‌ಬುಕ್ಕಿನಲ್ಲಿ ರೋಗಿಯ ಬಗ್ಗೆ ಹೇಳಿದ್ದನ್ನು ಬರೆ, ನಿನ್ನ ಬಗ್ಗೆ ಹೇಳಿದ್ದನ್ನು ಬಿಡು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು, 14416. ಅಪ್ಪನಿಗೆ, "ಮಾರ್ಕ್ಸ್ ಕೇಳೋದು ಬಿಟ್ಟು, ಇವತ್ತು ಯಾವ ಪೇಷಂಟ್ ನೋಡಿದೆ ಅಂತ ಕೇಳಿ" ಅಂದೆ.

ದೂರು ಕೊಡಿಸಬೇಕಿತ್ತು ಅಂತ ಸಹೋದ್ಯೋಗಿಯೊಬ್ಬರು ನನ್ನ ಮೇಲೆ ರೇಗಿದರು. ಆ ದಾರಿಯನ್ನೂ ಹೇಳಿದ್ದೆ. ಇಂಟರ್ನಲ್ ಮಾರ್ಕ್ಸ್ ಅದೇ ವಿಭಾಗದ ಕೈಯಲ್ಲಿದೆ, ಬೇಡ ಅಂದಳು. ದಿನಾ ಅಲ್ಲಿ ನಿಲ್ಲಬೇಕಾದವಳು ಅವಳು, ನಾನಲ್ಲ. ಇನ್ನು ಹಿರಿಯ ವೈದ್ಯರದು ಇನ್ನೊಂದು ರಾಗ: "ನಾವೂ ಬೈಸಿಕೊಂಡೇ ಕಲಿತದ್ದು." ಔಷಧಿಯ ಪ್ರಮಾಣ ತಪ್ಪಾಗಿ ಬರೆದರೆ ಗದರಲಿ, ನನ್ನ ತಕರಾರಿಲ್ಲ. ಗೊತ್ತಿಲ್ಲ ಅಂದವನನ್ನು ನಗೆಪಾಟಲು ಮಾಡಿದರೆ ಉಳಿದವರು ಸುಳ್ಳು ಹೇಳಲು ಕಲಿಯುತ್ತಾರೆ. ಅದರ ಬೆಲೆ ತೆರುವವನು ರೋಗಿ.

ಮೊದಲು ಕೇಳಿದ ಪಿಜಿ ಬಿಡುವಿಲ್ಲ ಅಂದರಂತೆ. ಇನ್ನೊಬ್ಬರು ತೋರಿಸಿದರು. ಮೂವರು ಹೋಗಿದ್ದರು. ಇಬ್ಬರಿಗೆ ಕೇಳಿಸಿತು, ಇವಳಿಗೆ ಇಲ್ಲ. ಹಾಗಂತ ಆ ಪಿಜಿಗೇ ಹೇಳಿ ಬಂದಿದ್ದಾಳೆ. ಮುಂದಿನ ವಾರ ಮತ್ತೆ ಹೋಗುತ್ತಾಳಂತೆ.