ಓದುಗರ ಪ್ರಶ್ನೆ: ಚೀನಾ ಚರಿತ್ರೆಯ ಓದು ಬಳಗಕ್ಕೆ ಸೇರುವ ಮುನ್ನ

ಪ್ರಶ್ನೆ: ನಮ್ಮೂರಲ್ಲಿ ಹತ್ತು-ಹನ್ನೆರಡು ಜನ ಹದಿನೈದು ದಿನಕ್ಕೊಮ್ಮೆ ಸೇರಿ ಆಧುನಿಕ ಚೀನಾದ ಚರಿತ್ರೆ ಓದುತ್ತಿದ್ದಾರೆ. ಶುರುವಾಗಿ ಐದು ತಿಂಗಳಾಯಿತು, ಈಗ 1949ಕ್ಕೆ ಬಂದಿದ್ದಾರೆ. ನಾನು ಓದಿದ್ದು ಬಿ.ಕಾಂ. ನಡುವೆ ಸೇರಿದರೆ ತಲೆಗೆ ಹತ್ತೀತೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಹತ್ತುತ್ತದೆ, ಮೂರು ವಾರ ತಯಾರಿ ಮಾಡಿಕೊಂಡು ಹೋದರೆ. ಅವರು ಐದು ತಿಂಗಳಲ್ಲಿ ಓದಿದ್ದನ್ನೆಲ್ಲ ಓದಿ ಮುಗಿಸಿಯೇ ಹೋಗುತ್ತೇನೆ ಎಂದು ಕೂರಬೇಡಿ. ಹಾಗೆ ಹೊರಟವರು ಬಳಗದ ಬಾಗಿಲು ಮುಟ್ಟುವುದೇ ಇಲ್ಲ. ಸದ್ಯಕ್ಕೆ ಐದು ಗೂಟ ನೆಟ್ಟುಕೊಳ್ಳಿ.

ಮೊದಲನೆಯದು 1842. ಅಫೀಮು ಯುದ್ಧದಲ್ಲಿ ಬ್ರಿಟಿಷರಿಗೆ ಸೋತ ಚೀನಾ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿ, ಹಾಂಕಾಂಗ್ ಬಿಟ್ಟುಕೊಟ್ಟು, ಐದು ಬಂದರು ತೆರೆದು, 2.1 ಕೋಟಿ ಬೆಳ್ಳಿ ಡಾಲರ್ ದಂಡ ತೆತ್ತಿತು. ಎರಡನೆಯದು 1895: ಈ ಸಲ ಗೆದ್ದದ್ದು ಜಪಾನ್, ಹೋದದ್ದು ತೈವಾನ್. ದೂರದ ಬ್ರಿಟಿಷರಿಗೆ ಸೋತದ್ದಕ್ಕಿಂತ ಇದು ಚೀನಾದ ಓದಿದವರನ್ನು ಹೆಚ್ಚು ಕುಟುಕಿತು. ಹತ್ತೇ ವರ್ಷದಲ್ಲಿ, 1905ರಲ್ಲಿ, ಶತಮಾನಗಳ ಹಳೆಯ ಅಧಿಕಾರಿ ಪರೀಕ್ಷೆಯೇ ರದ್ದಾಯಿತು. ಮೂರನೆಯದು 1911ರ ಅಕ್ಟೋಬರ್ 10, ವುಚಾಂಗ್ ದಂಗೆ. ಮುಂದಿನ ಫೆಬ್ರವರಿಯಲ್ಲಿ ಬಾಲಚಕ್ರವರ್ತಿ ಪು ಯಿ ಪಟ್ಟ ಬಿಟ್ಟ. ನಾಲ್ಕನೆಯದು 1927ರ ಏಪ್ರಿಲ್ 12. ಜೊತೆಗಾರರಾಗಿದ್ದ ಕಮ್ಯುನಿಸ್ಟರ ಮೇಲೆ ರಾಷ್ಟ್ರೀಯವಾದಿ ಪಕ್ಷದ ನಾಯಕ ಚಿಯಾಂಗ್ ಕೈ ಶೇಕ್ ಶಾಂಘೈನಲ್ಲಿ ತಿರುಗಿಬಿದ್ದ ದಿನ. ಪಟ್ಟಣ ಬಿಟ್ಟು ಹಳ್ಳಿ ಹಿಡಿಯುವುದು ಕಮ್ಯುನಿಸ್ಟರಿಗೆ ಅನಿವಾರ್ಯವಾದದ್ದು ಆಮೇಲೆ. ಐದನೆಯದು 1937ರ ಜುಲೈ 7, ಜಪಾನಿನೊಂದಿಗೆ ಪೂರ್ಣ ಯುದ್ಧ. ಈ ಐದೂ ಗೊತ್ತಿಲ್ಲದೆ, ಮಾವೋನ ಕಮ್ಯುನಿಸ್ಟರು ಅಧಿಕಾರ ಹಿಡಿದ 1949ಕ್ಕೆ ಕೂತರೆ ಮಾವೋ ಆಕಾಶದಿಂದ ಉದುರಿದ ಹಾಗೆ ಕಾಣುತ್ತಾನೆ.

ಒಂದೊಂದು ಗೂಟಕ್ಕೂ ನಿಮ್ಮದೇ ಮಾತಿನಲ್ಲಿ ಒಂದು ಪುಟ ಬರೆಯಿರಿ. ಆರಂಭಕ್ಕೆ ಎನ್‌ಸಿಇಆರ್‌ಟಿಯ 11ನೇ ತರಗತಿ ವಿಶ್ವ ಇತಿಹಾಸ ಪಠ್ಯದಲ್ಲಿ ಜಪಾನ್-ಚೀನಾ ಆಧುನೀಕರಣದ ಅಧ್ಯಾಯವೊಂದಿದೆ, ಅಷ್ಟು ಸಾಕು. ಬಳಗದವರಿಗೆ ಮೊದಲೇ ಎರಡು ಮಾತು ಕೇಳಿ: ಒಂದು ಸಭೆಗೆ ಎಷ್ಟು ಪುಟ? ಸಾರಾಂಶ ಬರೆಯುವವರು ಯಾರು? 25ರಿಂದ 30 ಪುಟ ಆದರೆ ಎಲ್ಲರೂ ಓದಿ ಬರುತ್ತಾರೆ. 50 ದಾಟಿದರೆ ಇಬ್ಬರು ಓದಿರುತ್ತಾರೆ, ಉಳಿದವರು ಭಾಷಣ ಕೇಳಿ ಎದ್ದು ಹೋಗುತ್ತಾರೆ. ಪುಸ್ತಕ ಇಂಗ್ಲಿಷಿನದಾದರೆ ಸರದಿಯಂತೆ ಒಬ್ಬರು ಕನ್ನಡದಲ್ಲಿ ಒಂದು ಪುಟದ ಸಾರಾಂಶ ಬರೆದು, ಸಭೆಗೆ ಮೂರು ದಿನ ಮುಂಚೆ ಹಂಚಲೇಬೇಕು.

ಪ್ರಶ್ನೆ: ಒಂದು ಪುಸ್ತಕದಲ್ಲಿ ಪೀಕಿಂಗ್, ಇನ್ನೊಂದರಲ್ಲಿ ಬೀಜಿಂಗ್, ಮತ್ತೊಂದರಲ್ಲಿ ಪೇಪಿಂಗ್. ಹೆಸರುಗಳಲ್ಲೇ ಸಭೆ ಕಳೆದುಹೋಗುತ್ತಿದೆ.
– ರಾಯಚೂರಿನ ಓದುಗರು

ಉತ್ತರ: ಮೊದಲ ಎರಡು ಒಂದೇ ಹೆಸರಿನ ಹಳೆಯ ಮತ್ತು ಹೊಸ ಬರವಣಿಗೆ. ಮೂರನೆಯದು ನಿಜಕ್ಕೂ ಬೇರೆ ಹೆಸರು. ಬೀಜಿಂಗ್ ಎಂದರೆ ಉತ್ತರದ ರಾಜಧಾನಿ. 1928ರಲ್ಲಿ ರಾಜಧಾನಿ ನಾನ್‌ಜಿಂಗ್‌ಗೆ ಹೋದಾಗ ಊರಿಗೆ ‘ಉತ್ತರದ ಶಾಂತಿ’ ಎಂಬ ಅರ್ಥದ ಹೆಸರಿಟ್ಟರು, 1949ರಲ್ಲಿ ಹಳೆಯದು ಮರಳಿತು. ಹಾಗಾಗಿ ಹೆಸರು ನೋಡಿಯೇ ಕಾಲ ಊಹಿಸಬಹುದು.

ಸಭೆಗೆಲ್ಲ ಒಂದೇ ಪಟ್ಟಿ ಮಾಡಿ: ಹಳೆಯ ರೂಪ, ಹೊಸ ರೂಪ, ನೀವು ಕನ್ನಡದಲ್ಲಿ ಬಳಸುವ ರೂಪ. ಕ್ಯಾಂಟನ್ ಎಂದರೆ ಗ್ವಾಂಗ್‌ಝೌ, ಚುಂಗ್‌ಕಿಂಗ್ ಎಂದರೆ ಚಾಂಗ್‌ಚಿಂಗ್. ಮನೆತನದ ಹೆಸರು ಮೊದಲು ಬರುತ್ತದೆ. ಮಾವೋ ಎಂಬುದು ಮನೆತನ. ಎಲ್ಲಕ್ಕಿಂತ ಹೆಚ್ಚು ಎಡವಿಸುವುದು ಶಾನ್‌ಶಿ. ಆ ಹೆಸರಿನ ಪ್ರಾಂತಗಳು ಅಕ್ಕಪಕ್ಕ ಎರಡಿವೆ, ಕನ್ನಡದಲ್ಲಿ ಬರೆದರೆ ಒಂದೇ ಆಗಿಬಿಡುತ್ತವೆ. ತೈಯುವಾನ್ ರಾಜಧಾನಿಯಾಗಿರುವುದು ಪೂರ್ವದ್ದು, ಶಿಯಾನ್ ಇರುವುದು ಪಶ್ಚಿಮದ್ದು. ಮಾವೋನ ನೆಲೆಯಾಗಿದ್ದ ಯೆನಾನ್ ಪಶ್ಚಿಮದ್ದರಲ್ಲಿದೆ. ಪ್ರತಿ ಸಲವೂ ರಾಜಧಾನಿಯ ಹೆಸರು ಸೇರಿಸಿ ಹೇಳಿ.

ಅಳತೆಗೂ ಅಷ್ಟೇ ಎಚ್ಚರ ಬೇಕು. ಲೀ ಎಂದರೆ ಅರ್ಧ ಕಿಲೋಮೀಟರ್. 1934-35ರಲ್ಲಿ ಕಮ್ಯುನಿಸ್ಟ್ ಸೇನೆ ನಡೆದ ದೀರ್ಘ ನಡಿಗೆಗೆ (ಲಾಂಗ್ ಮಾರ್ಚ್) ಹೇಳುವ 25,000 ಲೀ ಎಂದರೆ 12,500 ಕಿ.ಮೀ. ಜಿನ್ ಎಂದರೆ ಅರ್ಧ ಕಿಲೋ. ಮು ಎಂದರೆ ಹೆಕ್ಟೇರಿನ ಹದಿನೈದನೇ ಒಂದು ಭಾಗ, ನಮ್ಮ ಲೆಕ್ಕದಲ್ಲಿ ಆರೂವರೆ ಗುಂಟೆ.

ಪ್ರಶ್ನೆ: ಮಾವೋ ಒಳ್ಳೆಯವನೋ ಕೆಟ್ಟವನೋ ಎಂಬ ಜಗಳದಲ್ಲೇ ನಮ್ಮ ಸಭೆ ಮುರಿಯುತ್ತಿದೆ. 1958-61ರ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
– ಸಿಂಧನೂರಿನ ಓದುಗರು

ಉತ್ತರ: ಆ ಪ್ರಶ್ನೆಯನ್ನು ಆರು ತಿಂಗಳು ಬದಿಗಿಡಿ. ಬದಲಿಗೆ ‘ಇದು ಹೇಗೆ ನಡೆಯಿತು’ ಎಂದು ಕೇಳಿ. ಸಿಂಧನೂರಿನಲ್ಲಿ ಇದನ್ನು ಅರಿಯುವುದು ಬೇರೆಲ್ಲಿಗಿಂತ ಸುಲಭ.

ಉತ್ಪಾದನೆಯನ್ನು ದಿಢೀರನೆ ಏರಿಸುವ ಮಾವೋನ ‘ಮಹಾ ಜಿಗಿತ’ ಶುರುವಾದ 1958ರ ಬೇಸಿಗೆಯಲ್ಲಿ ಚೀನಾದ ಪತ್ರಿಕೆಗಳು ಒಂದು ಮುವಿನಲ್ಲಿ 10,000 ಜಿನ್‌ಗೂ ಮಿಕ್ಕಿ ಭತ್ತ ಬಂತೆಂದು ಬರೆದವು. ಲೆಕ್ಕ ಹಾಕಿ: ಆರೂವರೆ ಗುಂಟೆಯಲ್ಲಿ 5 ಟನ್, ಅಂದರೆ ಎಕರೆಗೆ 30 ಟನ್. 75 ಕೆ.ಜಿ. ಚೀಲದಲ್ಲಿ ಎಕರೆಗೆ 400 ಚೀಲ. ಕಾಲುವೆ ನೀರಿನ ಗದ್ದೆಯಲ್ಲಿ ಎಷ್ಟು ಚೀಲ ಬರುತ್ತದೆಂದು ನಿಮ್ಮ ಬಳಗದ ರೈತರನ್ನೇ ಕೇಳಿ. ಇದು ಸುಳ್ಳೆಂದು ಅಂದೂ ಪ್ರತಿ ರೈತನಿಗೆ ಗೊತ್ತಿತ್ತು. ಆದರೆ ಕಡಿಮೆ ಹೇಳಿದ ಅಧಿಕಾರಿಗೆ ಬಲಪಂಥೀಯನೆಂಬ ಪಟ್ಟ ಬರುತ್ತಿತ್ತು, ಹಾಗಾಗಿ ಪ್ರತಿ ಮೆಟ್ಟಿಲಲ್ಲೂ ಅಂಕಿ ಬೆಳೆಯಿತು. ಸರ್ಕಾರದ ಪಾಲನ್ನು ಕಾಗದದ ಮೇಲಿನ ಬೆಳೆಯ ಲೆಕ್ಕದಲ್ಲಿ ಎತ್ತಿದರು. ಧಾನ್ಯ ಹೋದದ್ದು ಮಾತ್ರ ನಿಜವಾದ ಕಣಜದಿಂದ. ಅದೇ ವರ್ಷ, ಹಿಂದಿನ ವರ್ಷ 53.5 ಲಕ್ಷ ಟನ್ ಇದ್ದ ಉಕ್ಕಿನ ಉತ್ಪಾದನೆಯನ್ನು 1.07 ಕೋಟಿಗೆ ಏರಿಸುವ ಗುರಿ ಇಟ್ಟು, ಹಿತ್ತಲ ಕುಲುಮೆಗಳಿಗೆ ಕೋಟಿಗಟ್ಟಲೆ ಜನರನ್ನು ಕಳಿಸಿದ್ದರಿಂದ ಕೊಯ್ಲಿಗೆ ಕೈಗಳಿಲ್ಲದೆ ಎಷ್ಟೋ ಕಡೆ ಪೈರು ಗದ್ದೆಯಲ್ಲೇ ಕೊಳೆಯಿತು.

ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿವರೆಗೆ ಇದೆ. ಯಾವುದನ್ನು ಸಹಜ ಸಾವಿನ ಪ್ರಮಾಣವೆಂದು ಹಿಡಿಯುತ್ತೀರಿ, ದಾಖಲಾಗದ ಸಾವುಗಳಿಗೆ ಎಷ್ಟು ಸೇರಿಸುತ್ತೀರಿ ಎಂಬುದರ ಮೇಲೆ ಅಂತರ ನಿಂತಿದೆ. ಕೆಲವರು ಹಸಿವಿನಿಂದಾಗಿ ಹುಟ್ಟದೇ ಹೋದ ಮಕ್ಕಳನ್ನೂ ಸೇರಿಸಿಬಿಡುತ್ತಾರೆ. ಅದು ಬೇರೆಯೇ ಲೆಕ್ಕ. ಅಂಕಿ ಹೇಳಿದವರು ಆಧಾರವನ್ನೂ ಹೇಳಬೇಕೆಂಬ ನಿಯಮ ಮಾಡಿ, ಅರ್ಧ ಜಗಳ ಇಳಿಯುತ್ತದೆ. ಅತಿ ಚಿಕ್ಕ ಅಂದಾಜು ಹಿಡಿದರೂ ಇದು ಇಪ್ಪತ್ತನೇ ಶತಮಾನದ ಘೋರ ದುರಂತಗಳಲ್ಲೊಂದು, ಇದರಲ್ಲಿ ರಾಜಿ ಬೇಡ. ಚೀನಾದ ಕಮ್ಯುನಿಸ್ಟ್ ಪಕ್ಷವೇ 1981ರ ಜೂನ್‌ನಲ್ಲಿ ತನ್ನ ಇತಿಹಾಸದ ಮೇಲೆ ನಿರ್ಣಯ ಮಾಡಿ, ಮಾವೋನ ಸಾಧನೆ ಮೊದಲು, ತಪ್ಪು ಆಮೇಲೆ ಎಂದು ತೂಗಿದೆ. ಜಗಳವಾಡಲೇಬೇಕಿದ್ದರೆ ಆ ನಿರ್ಣಯವನ್ನು ಎದುರಿಗಿಟ್ಟುಕೊಂಡು ಆಡಿ.

ಪ್ರಶ್ನೆ: ನಮ್ಮ ಭಾಗಕ್ಕೆ ಸಂಬಂಧಪಟ್ಟ ವಿಷಯದ ಮೇಲೆ ಮಾತಾಡು ಎಂದು ಬಳಗದವರು ಹೇಳಿದ್ದಾರೆ. ಏನಿದೆ?
– ಸಂಡೂರಿನ ಓದುಗರು

ಉತ್ತರ: ಎರಡಿವೆ. ಅಫೀಮು ಯುದ್ಧದ ವೇಳೆ, 1841ರ ಮೇ ತಿಂಗಳಲ್ಲಿ, ಕ್ಯಾಂಟನ್ ಹತ್ತಿರದ ಸಾನ್‌ಯುವಾನ್‌ಲಿಯಲ್ಲಿ ಹಳ್ಳಿಗರು ಮುತ್ತಿದ ಬ್ರಿಟಿಷ್ ದಳಗಳಲ್ಲಿ 37ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯ ಒಂದು ತುಕಡಿಯಿತ್ತು. ಜಡಿಮಳೆಗೆ ಸಿಪಾಯಿಗಳ ಬಂದೂಕಿನ ಮದ್ದು ನೆನೆದು ಗುಂಡೇ ಹಾರಲಿಲ್ಲ. ಬಳ್ಳಾರಿ ಆಗ ಅದೇ ಮದ್ರಾಸ್ ಸೈನ್ಯದ ದಂಡಿನ ಊರು.

ಎರಡನೆಯದು ನಿಮ್ಮ ಕಣ್ಣೆದುರಿನದೇ, ಅದಿರು. ‘ಬೀಜಿಂಗ್ ಒಲಿಂಪಿಕ್ಸ್‌ಗಾಗಿ ನಮ್ಮ ಗುಡ್ಡ ಹೋಯಿತು’ ಎನ್ನುವ ಮಾತನ್ನು ಹಾಗೇ ಒಪ್ಪಬೇಡಿ. ಕ್ರೀಡಾಂಗಣಗಳು ನುಂಗಿದ ಉಕ್ಕು ಅಲ್ಪ. ಚೀನಾ 2001ರ ಡಿಸೆಂಬರ್ 11ರಂದು ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಕಾರ್ಖಾನೆ, ಬಂದರು, ನಗರ ಕಟ್ಟುವ ಭರದಲ್ಲಿ 2000ದಲ್ಲಿ ಸುಮಾರು 13 ಕೋಟಿ ಟನ್ ಇದ್ದ ಅದರ ವರ್ಷದ ಉಕ್ಕು ಉತ್ಪಾದನೆ 2010ಕ್ಕೆ 60 ಕೋಟಿ ದಾಟಿತು. ಇಲ್ಲಿ ಗುಡ್ಡೆ ಬಿದ್ದಿದ್ದ ಪುಡಿ ಅದಿರಿಗೂ ಅವರು ಬೆಲೆ ಕೊಟ್ಟರು, ಅದನ್ನು ಸುಟ್ಟು ಗಟ್ಟಿಮಾಡಿ ಕುಲುಮೆಗೆ ಹಾಕುವ ಘಟಕಗಳು ಅವರಲ್ಲಿದ್ದವು. ಕರ್ನಾಟಕ 2010ರ ಜುಲೈನಲ್ಲಿ ರಫ್ತು ತಡೆಯಿತು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಈ ತಾರೀಖುಗಳನ್ನು ಒಂದು ಹಾಳೆಯ ಎಡಕ್ಕೆ, ಚೀನಾದವನ್ನು ಬಲಕ್ಕೆ ಬರೆದುಕೊಂಡು ಹೋಗಿ. ಇಪ್ಪತ್ತು ನಿಮಿಷಕ್ಕೆ ಅಷ್ಟು ಸಾಕು.